ಆ ಫೋಟೊಗೆ ದೀಪ ಎಲ್ಲಿತ್ತು?

ಯಾರದೇ ಮುಖದ ಒಳ್ಳೆಯ ಫೋಟೊ ಸಿಕ್ಕರೂ ನಾನು ಮೊದಲು ಅದನ್ನು ದೊಡ್ಡದು ಮಾಡಿ ಕಣ್ಣೊಳಗಿನ ಬಿಳಿ ಚುಕ್ಕೆ ನೋಡುತ್ತೇನೆ. ಆ ಚುಕ್ಕೆ ದೀಪದ ಪ್ರತಿಬಿಂಬ. ಫೋಟೊಗ್ರಾಫರು ಚೌಕಟ್ಟಿನ ಹೊರಗೆ ಇಟ್ಟಿದ್ದ ದೀಪ ಹೀಗೆ ಚೌಕಟ್ಟಿನ ಒಳಗೇ ಬಂದು ಕೂತಿರುತ್ತದೆ. ಅದು ಎಡಕ್ಕಿತ್ತೋ ಬಲಕ್ಕಿತ್ತೋ, ಎಷ್ಟು ಎತ್ತರದಲ್ಲಿತ್ತು, ಯಾವ ಆಕಾರದ್ದು ಅನ್ನುವುದನ್ನೆಲ್ಲ ಫೋಟೊ ತೆಗೆದು ಎಷ್ಟೋ ವರ್ಷವಾದ ಮೇಲೂ ಲೆಕ್ಕ ಹಾಕಿ ಹೇಳಬಹುದು.

ಕಣ್ಣಿನ ಮುಂದಿರುವ ಪಾರದರ್ಶಕ ಪದರದ ಹೆಸರು ಕಾರ್ನಿಯಾ. ಸದಾ ಕಣ್ಣೀರಿನಿಂದ ಒದ್ದೆಯಾಗಿರುವ ಈ ಪದರ ತುಂಬಾ ನುಣುಪು. ಜೊತೆಗೆ ಹೊರಕ್ಕೆ ಉಬ್ಬಿದೆ. ಹಾಗಾಗಿ ಅದು ಬೈಕಿನ ಸೈಡ್ ಮಿರರ್ ಥರ ಸುತ್ತಲಿನ ದೊಡ್ಡ ಜಾಗವನ್ನು ಕುಗ್ಗಿಸಿ ತೋರಿಸುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡೂವರೆ ಭಾಗ ಮಾತ್ರ ಅದು ವಾಪಸ್ ಕಳಿಸುತ್ತದೆ. ಆದರೆ ಹಿಂದಿರುವ ಪಾಪೆ ಕಪ್ಪಗಿರುವುದರಿಂದ, ದೀಪ ಪ್ರಖರವಾಗಿರುವುದರಿಂದ, ಅಷ್ಟು ಬೆಳಕೇ ಎದ್ದು ಕಾಣುತ್ತದೆ. ಈ ಉಬ್ಬಿನ ತ್ರಿಜ್ಯ ಸುಮಾರು 7.8 ಮಿಲಿಮೀಟರ್. ದೊಡ್ಡವರಲ್ಲಿ ಇದು ಒಬ್ಬರಿಂದ ಒಬ್ಬರಿಗೆ ಹೆಚ್ಚು ಬದಲಾಗುವುದಿಲ್ಲ. ಅಂದರೆ ಯಾವ ದೇಶದವರ, ಯಾವ ಕಾಲದವರ ಫೋಟೊ ಆದರೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಕನ್ನಡಿಗಳು ಇದ್ದೇ ಇರುತ್ತವೆ. ನನಗೆ ಇದು ನಿಜಕ್ಕೂ ಅದ್ಭುತ ಅನಿಸುತ್ತದೆ.

ಲೆಕ್ಕ ಸುಲಭ. ಕನ್ನಡಿಗೆ ಬೆಳಕು ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಹೊರಡುತ್ತದೆ. ಆದ್ದರಿಂದ ಕಾರ್ನಿಯಾದ ಮೇಲೆ ಕ್ಯಾಮೆರಾಕ್ಕೂ ದೀಪಕ್ಕೂ ಸರಿಯಾಗಿ ನಡುವೆ ಮುಖ ಮಾಡಿರುವ ಜಾಗದಲ್ಲಿ ಚುಕ್ಕೆ ಕಾಣುತ್ತದೆ. ದೀಪ ಕ್ಯಾಮೆರಾದಿಂದ 45 ಡಿಗ್ರಿ ಪಕ್ಕಕ್ಕಿದ್ದರೆ ಚುಕ್ಕೆ 22.5 ಡಿಗ್ರಿ ತಿರುಗಿದ ಜಾಗದಲ್ಲಿರುತ್ತದೆ. ಅದು ಕಾರ್ನಿಯಾದ ನಡುವಿನಿಂದ ಸುಮಾರು 3 ಮಿಲಿಮೀಟರ್ ಆಚೆ. ಕಣ್ಣಿನ ಬಣ್ಣದ ವೃತ್ತದ ಅಡ್ಡಳತೆ 12 ಮಿಲಿಮೀಟರ್‌ನಷ್ಟು. ಹಾಗಾಗಿ ವ್ಯಕ್ತಿ ಕ್ಯಾಮೆರಾವನ್ನೇ ನೋಡುತ್ತಿದ್ದು, ಚುಕ್ಕೆ ಪಾಪೆಯ ನಡುವಿನಿಂದ ವೃತ್ತದ ಅಂಚಿಗೆ ಹೋಗುವ ದಾರಿಯ ಅರ್ಧದಲ್ಲಿದ್ದರೆ, ದೀಪ 45 ಡಿಗ್ರಿ ಆಸುಪಾಸಿನಲ್ಲಿತ್ತು ಅಂತ ಧೈರ್ಯವಾಗಿ ಹೇಳಬಹುದು. ಚುಕ್ಕೆ ಮೇಲಕ್ಕಿದ್ದರೆ ದೀಪ ಕ್ಯಾಮೆರಾಕ್ಕಿಂತ ಮೇಲಿತ್ತು. ಗಡಿಯಾರದ ಹತ್ತು ಗಂಟೆಯ ಜಾಗದಲ್ಲಿದ್ದರೆ ದೀಪ ನಮ್ಮ ಎಡಕ್ಕೆ, ಮೇಲಕ್ಕೆ.

ಆಕಾರ ಇನ್ನೂ ನೇರ. ಚೌಕವಾಗಿದ್ದರೆ ಕಿಟಕಿ ಅಥವಾ ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸ್. ಕಡ್ಡಿಗಳು ಕಾಣುವ ಗುಂಡಗಿನ ಚುಕ್ಕೆಯಾದರೆ ಬೆಳಕು ಹರಡಲು ದೀಪಕ್ಕೆ ಹಿಡಿಸಿದ ಛತ್ರಿ. ಬಳೆಯಂತಿದ್ದರೆ ರಿಂಗ್ ಲೈಟ್. ಕೆಳಗಡೆ ಮಂಕಾದ ಇನ್ನೊಂದು ಬಿಳುಪಿದ್ದರೆ ಬೆಳಕನ್ನು ಮುಖಕ್ಕೆ ಮರಳಿಸಲು ಯಾರೋ ಗಲ್ಲದ ಕೆಳಗೆ ಥರ್ಮಕೋಲ್ ಹಿಡಿದಿದ್ದಾರೆ.

ಆದರೆ ಗಾತ್ರದ ವಿಷಯದಲ್ಲಿ ಕಣ್ಣು ಪೂರ್ತಿ ಹೇಳುವುದಿಲ್ಲ. ಒಂದು ಮೀಟರ್ ದೂರದ 60 ಸೆಂಟಿಮೀಟರ್ ಸಾಫ್ಟ್‌ಬಾಕ್ಸೂ, ಮೂರು ಮೀಟರ್ ದೂರದ 180 ಸೆಂಟಿಮೀಟರ್ ಕಿಟಕಿಯೂ ಕಣ್ಣಲ್ಲಿ ಒಂದೇ ಗಾತ್ರದ ಚೌಕವಾಗಿ ಕಾಣುತ್ತವೆ. ಎರಡೂ ಸುಮಾರು 2.3 ಮಿಲಿಮೀಟರ್. ಎರಡರಲ್ಲಿ ಯಾವುದು ಅಂತ ತಿಳಿಯಲು ಕಣ್ಣು ಬಿಟ್ಟು ಮೈ ನೋಡಬೇಕು.

ದೀಪದಿಂದ ದೂರ ಹೋದಂತೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ದೀಪದಿಂದ ಹಣೆ 50 ಸೆಂಟಿಮೀಟರ್, ಎದೆ 80 ಸೆಂಟಿಮೀಟರ್ ದೂರ ಇದೆ ಅಂತಿಟ್ಟುಕೊಳ್ಳಿ. ಹಣೆಗೆ ಎದೆಗಿಂತ ಎರಡೂವರೆ ಪಟ್ಟು ಬೆಳಕು ಸಿಗುತ್ತದೆ. ಅಂಗಿಯ ಗುಂಡಿ ಹತ್ತಿರ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅದೇ ದೀಪ ಹಣೆಯಿಂದ ಮೂರು ಮೀಟರ್ ಆಚೆ ಇದ್ದರೆ ಎದೆಗೆ 3.3 ಮೀಟರ್, ವ್ಯತ್ಯಾಸ ಬರೀ 1.2 ಪಟ್ಟು. ದೊಡ್ಡ ಸಾಫ್ಟ್‌ಬಾಕ್ಸ್ ತೀರಾ ಹತ್ತಿರ ಇದ್ದಾಗ ಈ ನಿಯಮ ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದರೂ ಬೆಳಕು ಬೇಗ ಕುಸಿಯುವುದು ಕಾಣುತ್ತದೆ. ಕಣ್ಣಿನ ಚೌಕ ಮತ್ತು ಅಂಗಿಯ ಮೇಲಿನ ಕತ್ತಲು ಎರಡನ್ನೂ ಕೂಡಿಸಿ ನೋಡಿದಾಗ ಮಾತ್ರ ದೀಪದ ನಿಜವಾದ ಗಾತ್ರ ಸಿಗುತ್ತದೆ. ಬರೀ ಕಣ್ಣು ನೋಡಿ ತೀರ್ಪು ಕೊಡುವವರು ತಪ್ಪುವುದು ಇಲ್ಲೇ.

ಮೂರನೆಯ ಸಾಕ್ಷಿ ಮೂಗಿನ ನೆರಳು. ಅದರ ಅಂಚು ಕತ್ತರಿಸಿದಂತೆ ಇದ್ದರೆ ಮುಖದಿಂದ ನೋಡಿದಾಗ ಬೆಳಕಿನ ಮೂಲ ಚಿಕ್ಕದಾಗಿ ಕಾಣುತ್ತಿತ್ತು. ಸೂರ್ಯ ಎಷ್ಟು ದೊಡ್ಡವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿ ಅಗಲ. ಅದಕ್ಕೇ ಬಿಸಿಲಿನ ನೆರಳು ಅಷ್ಟು ಗಟ್ಟಿ. ಮೋಡ ಬಂದರೆ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಕರಗುತ್ತದೆ. ಹಾಲಿವುಡ್‌ನ ಪ್ಯಾರಾಮೌಂಟ್ ಸ್ಟುಡಿಯೋದಲ್ಲಿ 1930ರ ದಶಕದಲ್ಲಿ ನಟಿ ಮರ್ಲೀನ್ ಡೀಟ್ರಿಚ್ ಅವರ ಫೋಟೊಗಳಿಗೆ ದೀಪವನ್ನು ಮುಖದ ನೇರಕ್ಕೆ, ಎತ್ತರದಲ್ಲಿ ಇಡುತ್ತಿದ್ದರು. ಮೂಗಿನ ಕೆಳಗೆ ಚಿಟ್ಟೆಯ ಆಕಾರದ ಪುಟ್ಟ ನೆರಳು, ಕೆನ್ನೆಯ ಮೂಳೆಯ ಕೆಳಗೆ ಹಳ್ಳ. ಆ ಜೋಡಣೆಗೆ ಇವತ್ತಿಗೂ ಪ್ಯಾರಾಮೌಂಟ್ ಲೈಟಿಂಗ್ ಅಂತಲೇ ಹೆಸರು. ದೀಪ ಪಕ್ಕಕ್ಕೆ ಸರಿದಂತೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಹೋಗಿ ಸೇರುತ್ತದೆ, ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನ ಉಳಿಯುತ್ತದೆ. ಅದಕ್ಕೆ ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರು.

ನನ್ನನ್ನು ಬಹಳ ಕಾಡಿದ ಫೋಟೊ ಒಂದಿದೆ. ಅಮೆರಿಕದ ಆರ್ನಲ್ಡ್ ನ್ಯೂಮನ್ 1963ರಲ್ಲಿ ಜರ್ಮನಿಯ ಎಸ್ಸೆನ್‌ನಲ್ಲಿ ತೆಗೆದ ಆಲ್‌ಫ್ರೀಡ್ ಕ್ರುಪ್ ಭಾವಚಿತ್ರ. ಕ್ರುಪ್ ದೊಡ್ಡ ಉಕ್ಕಿನ ಉದ್ಯಮಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕೈದಿಗಳನ್ನು ಗುಲಾಮರಂತೆ ದುಡಿಸಿಕೊಂಡಿದ್ದಕ್ಕೆ 1948ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಶಿಕ್ಷೆಯಾಗಿ, 1951ರಲ್ಲೇ ಬಿಡುಗಡೆಯಾದವರು. ನ್ಯೂಮನ್ ಯಹೂದಿ. ಹಿಂದೆ ಕಾರ್ಖಾನೆ, ಮುಂದೆ ಗಲ್ಲದ ಕೆಳಗೆ ಕೈ ಹೆಣೆದು ಕೂತ ಕ್ರುಪ್. ಆ ಮುಖ ನೋಡಿದರೆ ಸಾಕು, ಮೈ ಜುಮ್ಮೆನ್ನುತ್ತದೆ. ಯಾಕೆ ಅಂತ ನೆರಳನ್ನೇ ಕೇಳಿ. ಮುಂದಿನಿಂದ ಒಂದೇ ದೀಪ ಇದ್ದರೆ ಮುಖದ ನಡುಭಾಗ ಬೆಳಗಬೇಕು. ಇಲ್ಲಿ ಎರಡೂ ಕೆನ್ನೆಗಳ ಹೊರಬದಿ ಬೆಳಗಿದೆ, ನಡುಭಾಗ ಕತ್ತಲು. ಹಾಗಾಗಬೇಕಾದರೆ ದೀಪ ಎರಡು ಇರಬೇಕು, ಒಂದೊಂದು ಬದಿಗೆ ಒಂದೊಂದು. ನ್ಯೂಮನ್ ಮಾಡಿದ್ದೂ ಅದನ್ನೇ. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಅಂತ ಕ್ರುಪ್‌ಗೆ ಹೇಳಿದರು. ದೀಪವೇ ಇಲ್ಲಿ ಅಭಿಪ್ರಾಯ ಹೇಳಿದೆ.

ವಿದ್ಯುತ್ ಬರುವ ಮೊದಲಿನ ಫೋಟೊಗಳಲ್ಲಿ ಹುಡುಕಬೇಕಾದ್ದು ಗಾಜಿನ ಚಾವಣಿಯನ್ನು. ಯುರೋಪಿನ ಸ್ಟುಡಿಯೋಗಳು ಉತ್ತರಕ್ಕೆ ಗಾಜು ಹಾಕಿಸುತ್ತಿದ್ದವು. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುವುದರಿಂದ ಉತ್ತರದ ಗಾಜಿನಿಂದ ಆಕಾಶದ ಮೆದು ಬೆಳಕು ಮಾತ್ರ ಬರುತ್ತದೆ. ಈ ನಿಯಮವನ್ನು ಹಾಗೇ ಬೆಂಗಳೂರಿಗೆ ತಂದರೆ ಕೆಲಸ ಕೆಡುತ್ತದೆ. 13 ಡಿಗ್ರಿ ಅಕ್ಷಾಂಶದ ನಮ್ಮೂರಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಳಿ ಪರದೆ ಬೇಕು.

ಕಣ್ಣಿನ ಕನ್ನಡಿಯನ್ನು ವಿಜ್ಞಾನಿಗಳು ತುಂಬಾ ದೂರ ಒಯ್ದಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಕೋ ನಿಶಿನೋ ಮತ್ತು ಶ್ರೀ ನಾಯರ್ 2004ರಲ್ಲಿ, ಒಂದೇ ಫೋಟೊದ ಕಣ್ಣಿನಿಂದ ಆ ವ್ಯಕ್ತಿಯ ಸುತ್ತಲಿನ ದೃಶ್ಯವನ್ನು ಬಿಡಿಸಿ ತೆಗೆದರು. ಹಾಗೆ ಸಿಕ್ಕ ಬೆಳಕಿನಲ್ಲಿ ಬೇರೊಂದು ಮುಖವನ್ನು ಕಂಪ್ಯೂಟರಿನಲ್ಲಿ ಬೆಳಗಿಸಿಯೂ ತೋರಿಸಿದರು. ಡಾರ್ಟ್‌ಮತ್ ಕಾಲೇಜಿನ ಮೈಕಾ ಜಾನ್ಸನ್ ಮತ್ತು ಹನಿ ಫರೀದ್ 2007ರಲ್ಲಿ ಇದನ್ನು ನಕಲಿ ಫೋಟೊ ಹಿಡಿಯಲು ಬಳಸಿದರು. ಒಂದೇ ಗುಂಪಿನಲ್ಲಿ ನಿಂತವರ ಕಣ್ಣಿನ ಚುಕ್ಕೆಗಳು ಬೇರೆ ಬೇರೆ ದೀಪದ ಕಡೆ ಬೆರಳು ಮಾಡಿದರೆ, ಅವರನ್ನು ಬೇರೆ ಬೇರೆ ಫೋಟೊಗಳಿಂದ ತಂದು ಅಂಟಿಸಿರುವ ಸಂಭವ ಜಾಸ್ತಿ. 2024ರಲ್ಲಿ ಬ್ರಿಟನ್ನಿನ ಹಲ್ ವಿಶ್ವವಿದ್ಯಾಲಯದವರು ಎಐ ಬಿಡಿಸಿದ ಮುಖಗಳನ್ನು ಪರೀಕ್ಷಿಸಿದ್ದು ಖಗೋಳ ವಿಜ್ಞಾನದ ಅಳತೆಗೋಲಿನಿಂದ. ಗ್ಯಾಲಕ್ಸಿಯಲ್ಲಿ ಬೆಳಕು ಹೇಗೆ ಹರಡಿದೆ ಅಂತ ಅಳೆಯುವ ವಿಧಾನವನ್ನೇ ಎಡಗಣ್ಣು, ಬಲಗಣ್ಣಿನ ಪ್ರತಿಬಿಂಬಗಳಿಗೆ ಹಾಕಿ ಹೋಲಿಸಿದರು. ನಿಜವಾದ ಮುಖದಲ್ಲಿ ಎರಡೂ ಸಾಮಾನ್ಯವಾಗಿ ತಾಳೆಯಾಗುತ್ತವೆ, ನಕಲಿಯಲ್ಲಿ ಎಷ್ಟೋ ಸಲ ಆಗುವುದಿಲ್ಲ. ಪ್ರತಿ ಸಲವೂ ಸರಿಯಾದ ಉತ್ತರ ಬರುತ್ತದೆ ಅಂತ ಅವರೂ ಹೇಳಿಲ್ಲ.

ಚುಕ್ಕೆಯನ್ನು ತಿದ್ದುವುದು ಸುಲಭ. ಇವತ್ತು ಎರಡು ಛತ್ರಿ ಕಂಡರೆ ಒಂದನ್ನು ಮೌಸ್‌ನಲ್ಲಿ ಅಳಿಸುತ್ತಾರೆ, ಚುಕ್ಕೆ ಇಲ್ಲದ ಕಣ್ಣಿಗೆ ಒಂದನ್ನು ಇಡುತ್ತಾರೆ. ಹಾಗೆ ಅಳಿಸುವವರು ಸಾಮಾನ್ಯವಾಗಿ ಮೂಗಿನ ನೆರಳನ್ನು ಮುಟ್ಟುವುದಿಲ್ಲ. ಕತ್ತಿನ ಮೇಲೆ ಗಲ್ಲದ ನೆರಳು, ಕನ್ನಡಕದ ಕಡ್ಡಿ ಕೆನ್ನೆಯ ಮೇಲೆ ಎಳೆದ ಗೆರೆ, ಕಿವಿಯೋಲೆಯ ಪುಟ್ಟ ನೆರಳು, ಇವೂ ಹಾಗೇ ಉಳಿದಿರುತ್ತವೆ. ಒಂದು ಚುಕ್ಕೆಗೆ ಎರಡು ನೆರಳು ಕಂಡರೆ ಇನ್ನೊಂದು ದೀಪವನ್ನು ಹುಡುಕಲು ಶುರು ಮಾಡಿ.