ಹೆಡ್‌ಶಾಟ್‌ಗೂ ಮೊದಲಿನ ಲೆಕ್ಕ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಪಿ.ಜಿ.ಗಳಿರಲಿ, ಮಂಡ್ಯದ ಹಾಸ್ಟೆಲ್ ರೂಮುಗಳಿರಲಿ, ರಾತ್ರಿ ಊಟ ಮುಗಿದ ಮೇಲೆ ಕೇಳಿಬರುವ ದೂರು ಒಂದೇ. "ನನ್ ಬೆರಳು ಸ್ಲೋ ಮಗಾ, ಅವ್ನು ಮೊದ್ಲೇ ಹೊಡೆದ್ಬಿಟ್ಟ." ಫೋನಿನಲ್ಲಿ ಗುಂಡು ಹಾರಿಸುವ ಆಟಗಳಲ್ಲಿ ಬಿಜಿಎಂಐ ಆಡುವವರೂ ಇದನ್ನೇ ಹೇಳುತ್ತಾರೆ, ಕಾಲ್ ಆಫ್ ಡ್ಯೂಟಿ ಆಡುವವರೂ ಇದನ್ನೇ ಹೇಳುತ್ತಾರೆ. ಪಾಪ, ಬೆರಳಿನ ತಪ್ಪು ಅದರಲ್ಲಿ ಬಹಳ ಕಮ್ಮಿ.

ಕಣ್ಣಿಗೆ ಏನೋ ಕಂಡಾಗಿನಿಂದ ಬೆರಳು ಒತ್ತುವ ತನಕ ಯುವಕರಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿನ ಕಾಲು ಭಾಗ. ಎಷ್ಟೇ ತಾಲೀಮು ಮಾಡಿದರೂ ಇದರಲ್ಲಿ ಉಳಿಸಲು ಆಗುವುದು ಅಷ್ಟಿಷ್ಟೇ. ಕಣ್ಣಿನ ಪರದೆ ಬೆಳಕನ್ನು ನರದ ಸಂಕೇತ ಮಾಡಲು ರಾಸಾಯನಿಕ ಕ್ರಿಯೆ ನಡೆಯಬೇಕು, ಅದಕ್ಕೇ ಒಂದಷ್ಟು ಹೊತ್ತು ಹಿಡಿಯುತ್ತದೆ. ಕಿವಿಯ ಕೆಲಸ ಇನ್ನೂ ಚುರುಕು. ಶಬ್ದಕ್ಕೆ ನಾವು ಸುಮಾರು 40 ಮಿಲಿಸೆಕೆಂಡ್ ಬೇಗ ಸ್ಪಂದಿಸುತ್ತೇವೆ. ಒಳಗಿವಿಯ ಕೂದಲಿನಂಥ ಕೋಶಗಳು ನೇರವಾಗಿ ಅಲುಗಾಡಿಯೇ ಸುದ್ದಿ ಕಳಿಸುತ್ತವೆ. ಇಯರ್‌ಫೋನ್ ಇಲ್ಲದೆ ಆಡುವವರು ಈ 40 ಮಿಲಿಸೆಕೆಂಡನ್ನು ಸುಮ್ನೆ ಬಿಟ್ಟುಕೊಡುತ್ತಿದ್ದಾರೆ.

ಇನ್ನು ಪಿಂಗ್, ಅಂದರೆ ಆಟ ನಡೆಸುವ ಕಂಪ್ಯೂಟರಿಗೆ (ಸರ್ವರ್) ನಿಮ್ಮ ಫೋನಿನಿಂದ ಸುದ್ದಿ ಹೋಗಿ ಬರಲು ಹಿಡಿಯುವ ಹೊತ್ತು. ಗಾಜಿನ ನಾರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಮೈಸೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೆ 850 ಕಿ.ಮೀ. ಆಸುಪಾಸು. ಸರ್ವರ್ ಮುಂಬೈನಲ್ಲಿದ್ದರೆ ಹೋಗಿ ಬರಲು ಲೆಕ್ಕದ ಪ್ರಕಾರ 9 ಮಿಲಿಸೆಕೆಂಡ್ ಸಾಕು. ಸಿಂಗಪುರದಲ್ಲಿದ್ದರೆ ಕನಿಷ್ಠ 32. ಇದು ಭೌತಶಾಸ್ತ್ರ ಹಾಕಿದ ಬೇಲಿ, ಯಾವ ರೀಚಾರ್ಜ್ ಪ್ಯಾಕ್ ಹಾಕಿಸಿದರೂ ದಾಟಲಾಗದು. ಆದರೆ ನಿಮ್ಮ ಪರದೆಯಲ್ಲಿ 60, 80 ಅಂತ ಕಾಣುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ದಾರಿಯ ರೂಟರ್‌ಗಳದ್ದು ಮತ್ತು ರೂಮಿನ ವೈಫೈದು. ಒಂದೇ ಕಟ್ಟಡದಲ್ಲಿ ಹತ್ತು ವೈಫೈ ರೂಟರ್ ಒಂದೇ ಕಂಪನಾಂಕದಲ್ಲಿ, 2.4 ಗಿಗಾಹರ್ಟ್ಸ್‌ನಲ್ಲಿ ಕಿರುಚುತ್ತಿದ್ದರೆ ಪಿಂಗ್ ಒಮ್ಮೆ 40, ಒಮ್ಮೆ 140 ಆಗುತ್ತದೆ. ಈ ಕುಣಿತ ಬಹಳ ಕೆಟ್ಟದ್ದು. 70ರಲ್ಲಿ ಗಟ್ಟಿಯಾಗಿ ನಿಂತ ಪಿಂಗ್‌ಗೆ ಮೆದುಳು ಹೊಂದಿಕೊಳ್ಳುತ್ತದೆ, ಕುಣಿಯುವ ಪಿಂಗ್‌ಗೆ ಆಗುವುದಿಲ್ಲ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ರೂಟರ್ ಇರುವ ಕೋಣೆಯಲ್ಲೇ ಕೂರುವುದು ಬಿಟ್ಟಿ ಉಪಾಯ.

ಪರದೆಯದ್ದೂ ಒಂದು ಪಾಲು ಇದೆ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ, 120 ಹರ್ಟ್ಸ್‌ನದ್ದು 8.3ಕ್ಕೊಮ್ಮೆ. ಏಪ್ರಿಲ್ ಬಿಸಿಲಲ್ಲಿ ಚಾರ್ಜರ್ ಚುಚ್ಚಿಕೊಂಡೇ ಆಡಿದರೆ ಫೋನು ಕಾದು, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಆಗ 120ರ ಪರದೆ ಇದ್ದೂ ಸಿಗುವುದು ಸೆಕೆಂಡಿಗೆ 40 ಫ್ರೇಮು (ಚಿತ್ರ). ಗ್ರಾಫಿಕ್ಸ್ ಇಳಿಸಿ, ಫ್ರೇಮ್ ರೇಟ್ ಏರಿಸಿ, ಫ್ಯಾನ್ ಕೆಳಗೆ ಕೂತುಕೊಳ್ಳಿ. ಫೋನಿಗೆ ಸಿಕ್ಕಿಸುವ ದುಬಾರಿ ಟ್ರಿಗರ್ ಬಟನ್ ಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ.

ಇದೆಲ್ಲ ಚಿಲ್ಲರೆ ಉಳಿತಾಯ. ದೊಡ್ಡ ಗಂಟು ಇರುವುದು ತೀರ್ಮಾನ ಮಾಡುವ ಹೊತ್ತಿನಲ್ಲಿ.

1952ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ ಒಂದು ವಿಷಯ ತೋರಿಸಿದರು. ಎದುರಿಗೆ ಇರುವ ಆಯ್ಕೆಗಳು ಹೆಚ್ಚಿದಷ್ಟೂ ಸ್ಪಂದಿಸುವ ಸಮಯ ಹೆಚ್ಚುತ್ತದೆ. ಆಯ್ಕೆ ದುಪ್ಪಟ್ಟಾದ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಅಳತೆಯ ಸಮಯ ಸೇರುತ್ತಾ ಹೋಗುತ್ತದೆ. ಸೆಟ್ ದೋಸೆ ಒಂದೇ ಸಿಗುವ ಹೋಟೆಲಲ್ಲಿ ಆರ್ಡರ್ ಕೊಡಲು ಯಾರೂ ಯೋಚಿಸುವುದಿಲ್ಲ, ಎಂಟು ಪುಟದ ಮೆನು ಕೊಟ್ಟರೆ ಸಪ್ಲೈಯರ್ ಎರಡು ಸಲ ಬಂದು ಹೋಗಬೇಕಾಗುತ್ತದೆ. ಆಟದಲ್ಲೂ ಅಷ್ಟೇ. ಎನಿಮಿ ಕಂಡ ಮೇಲೆ "ಹೊಡೆಯಲಾ, ಕೂರಲಾ, ಓಡಲಾ, ಗ್ರೆನೇಡ್ ಎಸೆಯಲಾ" ಎಂದು ಶುರು ಮಾಡಿದರೆ 250 ಇದ್ದದ್ದು 400, 500 ಮಿಲಿಸೆಕೆಂಡ್ ಆಗುತ್ತದೆ. ಚೆನ್ನಾಗಿ ಆಡುವವರು ಬಾಗಿಲ ಬಳಿ ಬರುವ ಮುಂಚೆಯೇ ತೀರ್ಮಾನಿಸಿರುತ್ತಾರೆ: ಎಡಗಡೆ ಕಂಡರೆ ಹೊಡೆತ, ಇಬ್ಬರು ಕಂಡರೆ ವಾಪಸ್. ಬಾಗಿಲಲ್ಲಿ ಅವರಿಗೆ ಉಳಿಯುವುದು ಎರಡೇ ಆಯ್ಕೆ.

ಗುರಿಗೂ ಇಂಥದ್ದೇ ಒಂದು ನಿಯಮವಿದೆ. 1954ರಲ್ಲಿ ಅಮೆರಿಕದ ಪಾಲ್ ಫಿಟ್ಸ್ ಕೈ ಚಲನೆಯನ್ನು ಅಳೆದರು. ಗುರಿ ದೂರವಿದ್ದಷ್ಟೂ ಚಿಕ್ಕದಿದ್ದಷ್ಟೂ ಅಲ್ಲಿಗೆ ಕೈ ಒಯ್ಯಲು ಹೆಚ್ಚು ಹೊತ್ತು ಬೇಕು. ಎನಿಮಿಯ ತಲೆಯ ಗಾತ್ರ ನಮ್ಮ ಕೈಯಲ್ಲಿಲ್ಲ, ದೂರ ನಮ್ಮ ಕೈಯಲ್ಲಿದೆ. ಹೊಸಬರು ನಡೆಯುವಾಗ ಪರದೆಯ ನಡುವಿನ ಗುರಿಯ ಗುರುತು, ಅಂದರೆ ಕ್ರಾಸ್‌ಹೇರ್ ನೆಲ ನೋಡುತ್ತಿರುತ್ತದೆ. ಎನಿಮಿ ಕಂಡಾಗ ಅದನ್ನು ಮೇಲೆ ಎತ್ತಬೇಕು, ಪಕ್ಕಕ್ಕೆ ಎಳೆಯಬೇಕು, ಆಮೇಲೆ ಹೊಡೆಯಬೇಕು. ಪಳಗಿದವರು ಅದನ್ನು ಸದಾ ತಲೆಯ ಎತ್ತರದಲ್ಲಿ, ಮೂಲೆಯ ಅಂಚಿಗೆ ಇಟ್ಟುಕೊಂಡೇ ನಡೆಯುತ್ತಾರೆ. ಎನಿಮಿ ತಾನಾಗಿ ಬಂದು ಅದರೊಳಗೆ ನಿಲ್ಲುತ್ತಾನೆ. ನೋಡುವವರಿಗೆ "ಏನ್ ರಿಯಾಕ್ಷನ್ ಗುರು ಇವಂದು" ಅನ್ನಿಸುತ್ತದೆ. ಅಲ್ಲಿ ರಿಯಾಕ್ಷನ್ ಜಾಸ್ತಿ ಏನೂ ಇಲ್ಲ, ಕೈ ಓಡಬೇಕಾದ ದೂರ ಕಮ್ಮಿ.

ಮೂಲೆಯ ರೇಖಾಗಣಿತ ನನಗೆ ತುಂಬ ಇಷ್ಟ. ಗೋಡೆಯ ಮೂಲೆಯ ಆ ಕಡೆ ಒಬ್ಬ, ಈ ಕಡೆ ಒಬ್ಬ ಇದ್ದಾರೆ ಅಂದುಕೊಳ್ಳಿ. ಒಬ್ಬ ಮೂಲೆಗೆ ಅಂಟಿಕೊಂಡಿದ್ದಾನೆ, ಇನ್ನೊಬ್ಬ ಐದು ಹೆಜ್ಜೆ ಹಿಂದಿದ್ದಾನೆ. ಯಾರಿಗೆ ಯಾರು ಮೊದಲು ಕಾಣುತ್ತಾರೆ? ಹಿಂದೆ ನಿಂತವನಿಗೆ. ಕಣ್ಣು ಮುಖದ ನಡುವೆ ಇದೆ, ಭುಜ ಅದರಾಚೆ ಚಾಚಿದೆ. ಮೂಲೆಗೆ ಅಂಟಿದವನ ಭುಜ ಅವನ ಕಣ್ಣಿಗಿಂತ ಮುಂಚೆ ಹೊರಗೆ ಬರುತ್ತದೆ. ಹಿಂದೆ ನಿಂತವನ ಭುಜವೂ ಚಾಚಿಯೇ ಇದೆ, ಆದರೆ ಮೂಲೆಯಿಂದ ದೂರವಿರುವುದರಿಂದ ಅದರಿಂದ ಅವನಿಗೆ ಆಗುವ ನಷ್ಟ ಕಮ್ಮಿ. ಗೋಡೆಗೆ ಒರಗಿದರೆ ಸೇಫ್ ಅನ್ನುವ ಭಾವನೆ ಇದೆಯಲ್ಲ, ಅದು ಕೊಲ್ಲಿಸುತ್ತದೆ. ಗೋಡೆಯಿಂದ ಸ್ವಲ್ಪ ಸರಿದು ನಿಂತು, ಒಂದೊಂದೇ ಹೆಜ್ಜೆ ಪಕ್ಕಕ್ಕೆ ಇಡುತ್ತಾ ಕೋಣೆಯನ್ನು ತುಂಡು ತುಂಡಾಗಿ ನೋಡಬೇಕು. ಥರ್ಡ್ ಪರ್ಸನ್ ಮೋಡಿನಲ್ಲಿ ಈ ಲೆಕ್ಕ ಕೆಡುತ್ತದೆ. ಅಲ್ಲಿ ಕ್ಯಾಮೆರಾ ಬೆನ್ನ ಹಿಂದೆ ಇರುವುದರಿಂದ ಗೋಡೆ ಬಿಟ್ಟು ಹೊರಗೆ ಬಾರದೆಯೇ ಎಲ್ಲ ಕಾಣುತ್ತದೆ.

ಕಾದು ಕೂತವನಿಗಿಂತ ಇಣುಕಿದವನಿಗೆ ಇಂಟರ್ನೆಟ್ಟೂ ಸಹಾಯ ಮಾಡುತ್ತದೆ. ಇಬ್ಬರಿಗೂ 40 ಪಿಂಗ್ ಇದೆ ಅನ್ನಿ. ಅವನು ಇಣುಕಿದ ಸುದ್ದಿ ಸರ್ವರ್ ಮುಟ್ಟಲು 20, ಅಲ್ಲಿಂದ ನಿಮಗೆ ಬರಲು 20 ಮಿಲಿಸೆಕೆಂಡ್. ಅಷ್ಟು ಹೊತ್ತು ಅವನ ಪರದೆಯಲ್ಲಿ ನೀವಿದ್ದೀರಿ, ನಿಮ್ಮ ಪರದೆಯಲ್ಲಿ ಅವನಿಲ್ಲ. ಅನೇಕ ಆಟಗಳಲ್ಲಿ ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ, ಅವನು ಟ್ರಿಗರ್ ಒತ್ತಿದಾಗ ಅವನಿಗೆ ನೀವು ಎಲ್ಲಿ ಕಂಡಿರಿ ಎಂದು ನೋಡಿಯೇ ಗುಂಡು ತಗುಲಿತೋ ಇಲ್ಲವೋ ತೀರ್ಮಾನಿಸುತ್ತದೆ. "ನಾನು ಗೋಡೆ ಹಿಂದೆ ಬಂದಿದ್ದೆ, ಆದ್ರೂ ಸತ್ತೆ" ಅನ್ನುವವರೆಲ್ಲ ಹ್ಯಾಕರ್‌ಗೆ ಸಿಕ್ಕಿದ್ದಾರೆ ಅಂತಲ್ಲ. ಹಾಗಾಗಿ ಒಂದೇ ಕಿಟಕಿಯಲ್ಲಿ ಎರಡು ಸಲ ಕಾಣಿಸಿಕೊಳ್ಳಬೇಡಿ. ಒಬ್ಬನಿಗೆ ಹೊಡೆದ ಮೇಲೆ ಜಾಗ ಬದಲಿಸಿ.

ಇಷ್ಟೆಲ್ಲ ಮಾಡಬೇಕಾದರೆ ಎನಿಮಿ ಎಲ್ಲಿದ್ದಾನೆ ಅಂತ ಗೊತ್ತಿರಬೇಕಲ್ವಾ? ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲೇ ಇದೆ.

1799ರ ಏಪ್ರಿಲ್ 5ರ ರಾತ್ರಿ. ಕೋಟೆಗೆ ಮುತ್ತಿಗೆ ಹಾಕಲು ಬಂದ ಬ್ರಿಟಿಷ್ ಸೇನೆಯ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಸುಲ್ತಾನ್‌ಪೇಟೆಯ ತೋಪನ್ನು ಹಿಡಿಯುವ ಆದೇಶ ಬಂತು. ಕಾಲುವೆಗಳು ಹಾದುಹೋಗಿದ್ದ ದಟ್ಟ ತೋಪು. ಹಗಲಲ್ಲಿ ಅದನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ. ಕತ್ತಲೆಯಲ್ಲಿ ನುಗ್ಗಿದರೆ ಟಿಪ್ಪುವಿನ ಪಡೆ ಬಂದೂಕು, ರಾಕೆಟ್ ಹಿಡಿದು ಕಾಯುತ್ತಿತ್ತು. ದಾರಿ ತಪ್ಪಿತು, ತುಕಡಿ ಚದುರಿತು, ವೆಲ್ಲೆಸ್ಲಿಯ ಮಂಡಿಗೆ ಪೆಟ್ಟು ಬಿತ್ತು, 12 ಸೈನಿಕರು ಸೆರೆ ಸಿಕ್ಕರು. ಮಾರನೆಯ ಬೆಳಗ್ಗೆ ಬೆಳಕಿನಲ್ಲಿ, ಹೆಚ್ಚಿನ ಬಲದೊಂದಿಗೆ ಹೋದಾಗ ಅದೇ ತೋಪು ಸುಲಭವಾಗಿ ಸಿಕ್ಕಿತು. ಹಗಲಲ್ಲಿ ನೋಡಿಕೊಳ್ಳದ ಭದ್ರವಾದ ನೆಲೆಯ ಮೇಲೆ ಇನ್ನೆಂದೂ ರಾತ್ರಿ ದಾಳಿಗೆ ಬಿಡುವುದಿಲ್ಲ ಎಂದು ಅವನು ತನ್ನ ಅಣ್ಣನಿಗೆ ಬರೆದ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ಎರಡು ದಾಳಿಯ ನಡುವೆ ಅವನ ಸೈನಿಕರ ಕೈಚಳಕ ಒಂದು ರಾತ್ರಿಯಲ್ಲಿ ಬೆಳೆದಿರಲಿಲ್ಲ. ಕಣ್ಣಿಗೆ ದಾರಿ ಕಂಡಿತ್ತು, ಜತೆಗೆ ಜನ ಜಾಸ್ತಿ ಇದ್ದರು.

ಆಟದಲ್ಲಿ ಈ ಕೆಲಸ ಮಾಡುವುದು ಕಿವಿ ಮತ್ತು ಬಾಯಿ. ಹೆಜ್ಜೆ ಸದ್ದು ಎರಡು ಕಿವಿಗೆ ತಲುಪುವುದರಲ್ಲಿ ಹೆಚ್ಚೆಂದರೆ 0.6–0.7 ಮಿಲಿಸೆಕೆಂಡ್ ವ್ಯತ್ಯಾಸ ಇರುತ್ತದೆ. ಮೆದುಳು ಅಷ್ಟರಲ್ಲೇ ಎಡ ಬಲ ಹೇಳಿಬಿಡುತ್ತದೆ. ಹಿಂದೆ ಮುಂದೆ ಮಾತ್ರ ಅದಕ್ಕೆ ಗೊಂದಲ, ಏಕೆಂದರೆ ಎರಡೂ ಕಡೆಯಿಂದ ಬಂದ ಸದ್ದು ಎರಡು ಕಿವಿಗೂ ಒಟ್ಟಿಗೇ ಮುಟ್ಟುತ್ತದೆ. ಅನುಮಾನ ಬಂದರೆ ಆಟದಲ್ಲಿ ತಲೆಯನ್ನು ಸ್ವಲ್ಪ ತಿರುಗಿಸಿ. ಸದ್ದು ಒಂದು ಕಿವಿಗೆ ವಾಲುತ್ತದೆ, ಗೊಂದಲ ಮುಗಿಯಿತು.

ಬಾಯಿಯ ವಿಷಯ ಕಷ್ಟ. "ಲೋ ಲೋ ಅಲ್ಲಿ! ಅಲ್ಲೇ ಅವ್ನೆ ಕಣ್ಲಾ, ಹೊಡಿ ಹೊಡಿ!" ಎಂದು ಮಂಡ್ಯದ ಹುಡುಗ ಮೈಕಿನಲ್ಲಿ ಕೂಗಿದರೆ ಅದರಲ್ಲಿ ಉತ್ಸಾಹ ಇದೆ, ಮಾಹಿತಿ ಸೊನ್ನೆ. ಪರದೆಯ ಮೇಲೆ ದಿಕ್ಸೂಚಿಯ ಡಿಗ್ರಿ ಇರುತ್ತದೆ. "240, ಕೆಂಪು ಮನೆ, ಮೇಲಿನ ಕಿಟಕಿ, ಒಬ್ಬ" ಅಂದರೆ ಮೂವರ ಕ್ರಾಸ್‌ಹೇರ್ ಒಟ್ಟಿಗೆ ಅಲ್ಲಿಗೆ ಹೋಗುತ್ತದೆ. ಸತ್ತವರು ಬಾಯಿ ಮುಚ್ಚಬೇಕು. ಉಳಿದವನಿಗೆ ಹೆಜ್ಜೆ ಸದ್ದು ಕೇಳಿಸಲಿ.

ಮೂವರು ಒಟ್ಟಿಗೆ ಒಬ್ಬನಿಗೆ ಹೊಡೆಯುವುದರಲ್ಲಿ ಎಷ್ಟು ಲಾಭ? ಇದಕ್ಕೂ ಸೂತ್ರ ಇದೆ. ಬರೆದವರು ಕಾರು ತಯಾರಿಸುತ್ತಿದ್ದ ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್, ಮೊದಲನೇ ಮಹಾಯುದ್ಧದ ಕಾಲದಲ್ಲಿ. ಎಲ್ಲರೂ ಎಲ್ಲರಿಗೂ ಗುಂಡು ಹಾರಿಸಬಲ್ಲ ಕಾಳಗದಲ್ಲಿ ಪಡೆಯ ಬಲ ತಲೆಗಳ ಲೆಕ್ಕದಲ್ಲಿ ಬೆಳೆಯುವುದಿಲ್ಲ, ತಲೆಗಳ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಸಮಾನ ಆಟಗಾರರು ನಾಲ್ವರು ನಾಲ್ವರ ಎದುರು ನಿಂತರೆ 16ಕ್ಕೆ 16, ಇಬ್ಬರಿಗೂ ಏನೂ ಉಳಿಯದು. ಎದುರಿನವರಲ್ಲಿ ಮೊದಲೇ ಒಬ್ಬ ನಾಕ್ ಆದರೆ (ಪೆಟ್ಟು ತಿಂದು ಬಿದ್ದರೆ) 16ರಲ್ಲಿ 9 ಕಳೆದು 7. ಅದರ ವರ್ಗಮೂಲ 2.6. ಅಂದರೆ ಒಂದೇ ಒಂದು ನಾಕ್ ಆದರೆ ಸರಿಸಮ ಇದ್ದ ಜಗಳದಲ್ಲಿ ನಿಮ್ಮ ಕಡೆ ಎರಡೂವರೆ ಜನ ಉಳಿಯುವ ಲೆಕ್ಕ.

ಇನ್ನೂ ಮಜಾ ಇದೆ. ಎದುರಿನ ನಾಲ್ವರು ಇಬ್ಬಿಬ್ಬರಾಗಿ ಬೇರೆ ಬೇರೆ ಹೊತ್ತಿಗೆ ಬಂದರು ಅನ್ನಿ. ಮೊದಲ ಜೋಡಿ ಮುಗಿದಾಗ 16ರಲ್ಲಿ 4 ಹೋಗಿ 12, ಎರಡನೇ ಜೋಡಿಗೆ 8. ವರ್ಗಮೂಲ 2.8. ನಾಲ್ವರನ್ನೂ ಮುಗಿಸಿ ನಿಮ್ಮಲ್ಲಿ ಹತ್ತಿರ ಹತ್ತಿರ ಮೂವರು ಉಳಿಯುತ್ತಾರೆ. ಲೂಟ್ (ಬಿದ್ದಿರುವ ಗನ್ನು, ಗುಂಡು) ಆಸೆಗೆ ನಾಲ್ಕು ದಿಕ್ಕಿಗೆ ನಾಲ್ವರು ಚೆಲ್ಲಿಹೋಗುವ ಸ್ಕ್ವಾಡಿನ ಗತಿ ಇದು.

ಆದರೆ ಸೂತ್ರದ ಷರತ್ತು ಮರೆಯಬೇಡಿ: ಎಲ್ಲರೂ ಎಲ್ಲರಿಗೂ ಹೊಡೆಯುವಂತಿರಬೇಕು. ಕಿರಿದಾದ ಮೆಟ್ಟಿಲಲ್ಲಿ ಒಬ್ಬೊಬ್ಬರೇ ಹತ್ತಬೇಕಾದಾಗ ಈ ವರ್ಗದ ಲಾಭ ಹಾರಿಹೋಗುತ್ತದೆ. ಮೇಲಿರುವ ಒಬ್ಬನ ಎದುರು ಪ್ರತಿ ಸಲವೂ ಒಬ್ಬನೇ. ಸ್ಕ್ವಾಡಿನಲ್ಲಿ ಕೊನೆಗೆ ಒಬ್ಬರೇ ಉಳಿದರೆ ಬಯಲು ಬಿಟ್ಟು ಮೆಟ್ಟಿಲು ಹುಡುಕಿಕೊಳ್ಳಿ. ನಾಲ್ವರು ಇದ್ದು ಎದುರಿಗೆ ಒಬ್ಬ ಮೆಟ್ಟಿಲ ಮೇಲಿದ್ದರೆ ರಶ್ ಮಾಡಬೇಡಿ. ಗ್ರೆನೇಡ್ ಎಸೆದು ಅವನನ್ನು ಹೊರಗೆ ಬರಿಸಿ, ಇಲ್ಲ ಎರಡು ಕಡೆಯಿಂದ ಹೋಗಿ.

ದೂರದ ಹೊಡೆತಕ್ಕೆ ಒಂದು ಸಣ್ಣ ಗುಣಾಕಾರ ಸಾಕು. ನಿಜವಾದ ಎಕೆ-47ರ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 715 ಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲೇ ಹೋದರೂ 200 ಮೀಟರ್‌ಗೆ 0.28 ಸೆಕೆಂಡ್. ಅಷ್ಟರಲ್ಲಿ ಸೆಕೆಂಡಿಗೆ 6 ಮೀಟರ್ ಓಡುವವನು ಸುಮಾರು 1.7 ಮೀಟರ್ ಮುಂದೆ ಹೋಗಿರುತ್ತಾನೆ. ಗುಂಡಿನ ಓಟವನ್ನು ಲೆಕ್ಕಕ್ಕೆ ಹಿಡಿಯುವ ಆಟಗಳಲ್ಲಿ ಅಷ್ಟು ಮುಂದಕ್ಕೆ ಗುರಿ ಇಡಬೇಕು.

ಇನ್ನು ಅಭ್ಯಾಸ. ಯೂಟ್ಯೂಬ್ ನೋಡಿ ವಾರಕ್ಕೊಂದು ಸೆನ್ಸಿಟಿವಿಟಿ ಕೋಡ್ ಹಾಕಿಕೊಳ್ಳುವ ಚಟ ಬಿಡಿ. ಬೆರಳು ಎಷ್ಟು ಸರಿದರೆ ಪರದೆ ಎಷ್ಟು ತಿರುಗುತ್ತದೆ ಎಂಬ ನಕ್ಷೆಯನ್ನು ಮೆದುಳು ನಿಧಾನಕ್ಕೆ ಕಟ್ಟುತ್ತದೆ. ಗೈರೋ ಆಡುವವರಿಗೆ, ಅಂದರೆ ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವವರಿಗೆ, ಮಣಿಕಟ್ಟಿನ ನಕ್ಷೆ. ಕೋಡ್ ಬದಲಿಸಿದ ಪ್ರತಿ ಸಲವೂ ಅದನ್ನು ಅರ್ಧ ಒಡೆದಂತೆ. ಒಂದೇ ಗನ್ನಿನಲ್ಲಿ ಒಂದೇ ದೂರಕ್ಕೆ ಗಂಟೆಗಟ್ಟಲೆ ಹೊಡೆಯುವುದೂ ಮೋಸ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬಿಬ್ಬರು ಸಂಶೋಧಕರು ಕೈ ಚಲನೆಗಳನ್ನು ಕಲಿಸಿ ನೋಡಿದರು. ಒಂದೇ ಚಲನೆಯನ್ನು ಬಿಡದೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಕಲಸುಮೇಲೋಗರ ಮಾಡಿ ಕಲಿತವರು ಆಗ ತಡವರಿಸಿದರು, ದಿನಗಳ ನಂತರದ ಪರೀಕ್ಷೆಯಲ್ಲಿ ಮಾತ್ರ ಅವರೇ ಮುಂದಾದರು. ಟ್ರೇನಿಂಗ್ ಗ್ರೌಂಡಿನಲ್ಲಿ ಗನ್ನು, ಸ್ಕೋಪು, ದೂರ ಬದಲಿಸುತ್ತಾ ಇರಿ. ಸೆನ್ಸಿಟಿವಿಟಿ ಒಂದನ್ನು ಮುಟ್ಟಬೇಡಿ.

ಆಮೇಲೆ ಮಲಗಿ. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಬೆರಳಲ್ಲಿ ಒಂದು ಕ್ರಮದಲ್ಲಿ ಕೀಲಿ ಒತ್ತುವುದನ್ನು ಜನರಿಗೆ ಕಲಿಸಿದರು. ಒಂದು ರಾತ್ರಿ ನಿದ್ದೆ ಮಾಡಿ ಬಂದವರ ವೇಗ, ಮತ್ತೆ ಅಭ್ಯಾಸ ಮಾಡದೆಯೇ, ಸುಮಾರು ಶೇ. 20 ಹೆಚ್ಚಿತ್ತು. ಅಷ್ಟೇ ಗಂಟೆ ಎಚ್ಚರವಾಗಿ ಕಳೆದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ರಾತ್ರಿ ಎರಡರವರೆಗೆ ರ‍್ಯಾಂಕ್ ಪುಶ್ ಮಾಡುವವರು ಕಲಿತದ್ದನ್ನು ಗಟ್ಟಿ ಮಾಡುವ ಹೊತ್ತನ್ನೇ ಕತ್ತರಿಸುತ್ತಿದ್ದಾರೆ.

ಆಟದಿಂದ ಮೆದುಳಿಗೆ ಏನಾದರೂ ಲಾಭ ಇದೆಯಾ ಅಂತ ಕೇಳುವವರಿಗೆ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಶಾನ್ ಗ್ರೀನ್ ಮತ್ತು ಡಾಫ್ನಿ ಬವೇಲಿಯೆ 2003ರಲ್ಲಿ ಉತ್ತರ ಕೊಟ್ಟರು. ಇಂಥ ಆಟ ಆಡದವರನ್ನು ಕರೆತಂದು ಕೆಲವರಿಗೆ ಮೆಡಲ್ ಆಫ್ ಆನರ್ ಎಂಬ ಯುದ್ಧದ ಆಟ, ಉಳಿದವರಿಗೆ ಟೆಟ್ರಿಸ್ ಆಡಿಸಿದರು. ಹತ್ತು ದಿನದ ಬಳಿಕ ಯುದ್ಧದ ಆಟದವರ ಗಮನ ಹಂಚುವ ಶಕ್ತಿ, ಅಂಚಿನಲ್ಲಿ ಕಂಡದ್ದನ್ನು ಗುರುತಿಸುವ ಶಕ್ತಿ ಹೆಚ್ಚು ಸುಧಾರಿಸಿತ್ತು. ಇದನ್ನು ಅಮ್ಮನಿಗೆ ಓದಿ ಹೇಳಿ ಇನ್ನೊಂದು ಮ್ಯಾಚ್ ಕೇಳುವ ಮುಂಚೆ ಒಂದು ವಿವರ ತಿಳಿದಿರಲಿ. ಆ ಪ್ರಯೋಗದಲ್ಲಿ ಆಡಿಸಿದ್ದು ದಿನಕ್ಕೆ ಒಂದೇ ಗಂಟೆ.