ಹಾಲಿಲ್ಲದ ಚಹಾದ ಬಣ್ಣ

ವೈವ್ಯಾಕ್ಸ್ ಮಲೇರಿಯಾ ಖಚಿತವಾದರೆ ಯಕೃತ್ತಿನಲ್ಲಿ ಅಡಗಿರುವ ಪರಾವಲಂಬಿಯನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಕೊಡುವುದು ರೂಢಿ. ಬಹುತೇಕರಿಗೆ ಏನೂ ಆಗುವುದಿಲ್ಲ. ಎಲ್ಲೋ ಒಬ್ಬರಿಗೆ ಎರಡು ಮೂರು ದಿನಗಳಲ್ಲೇ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಗಾಗುತ್ತದೆ. ಹುಬ್ಬಳ್ಳಿಯ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಉಷ್ಣವಾಗಿದೆ, ಮಜ್ಜಿಗೆ ಕುಡಿ. ಮಜ್ಜಿಗೆ ಕುಡಿಯಲಿ, ಬೇಡವೆನ್ನುವುದಿಲ್ಲ; ಆದರೆ ಮೊದಲು ವೈದ್ಯರ ಹತ್ತಿರ ಹೋಗಲಿ.

ಪ್ರಯೋಗಾಲಯದಲ್ಲಿ ಕಾಗದದ ಪಟ್ಟಿಯನ್ನು ಆ ಮೂತ್ರದಲ್ಲಿ ಅದ್ದಿದರೆ 'ರಕ್ತವಿದೆ' ಎನ್ನುತ್ತದೆ. ಮೂತ್ರವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ತಳದ ಗಸಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕೆಂಪು ಕಣ ಒಂದೂ ಇಲ್ಲ! ಪಟ್ಟಿ ಸುಳ್ಳು ಹೇಳಿಲ್ಲ. ಅದು ಗುರುತಿಸುವುದು ಕಣವನ್ನಲ್ಲ, ಹೀಮ್ ಎಂಬ, ಕಬ್ಬಿಣವಿರುವ ಅಣುವನ್ನು. ಕಣಗಳು ರಕ್ತನಾಳದಲ್ಲೇ ಒಡೆದು, ಅವುಗಳೊಳಗಿನ, ಹೀಮ್ ಹೊತ್ತ ಹಿಮೋಗ್ಲೋಬಿನ್ ಮಾತ್ರ ಮೂತ್ರಕ್ಕೆ ಸೋರಿದೆ. ಜಜ್ಜಿಹೋದ ಸ್ನಾಯುವಿನ ಮಯೋಗ್ಲೋಬಿನ್ ಕೂಡ ಪಟ್ಟಿಗೆ ಹೀಗೇ ಕಾಣುತ್ತದೆ. ಆಗ ರಕ್ತದ್ರವ ತಿಳಿಯಾಗಿರುತ್ತದೆ, ಇಲ್ಲಿ ನಸುಗೆಂಪಾಗಿರುತ್ತದೆ.

ಕಾರಣ ಸಾಮಾನ್ಯವಾಗಿ ಜಿ6ಪಿಡಿ ಕಿಣ್ವದ ಕೊರತೆ. ಔಷಧ ಉಂಟುಮಾಡುವ ಆಕ್ಸೀಕರಣದಿಂದ ಕೆಂಪು ಕಣವನ್ನು ಕಾಯುವ ಕಿಣ್ವವಿದು. 1956ರಲ್ಲಿ ಪ್ರೈಮಾಕ್ವಿನ್ ಸಹಿಸದವರ ರಕ್ತ ಪರೀಕ್ಷಿಸಿದಾಗಲೇ ಇದರ ಕೊರತೆ ಪತ್ತೆಯಾದದ್ದು. ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡಸರಿಗೆ ಪೆಟ್ಟು ಹೆಚ್ಚು. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಕೂಡ ಇಂಥವರ ಕಣಗಳನ್ನು ಒಡೆಯಬಲ್ಲದು. ಕ್ಷಯದ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಮಾಡುವುದು ಬೇರೆ ಮಾತು. ಅದು ಬರೀ ಔಷಧದ ಬಣ್ಣ, ಅದಕ್ಕೆ ಹೆದರಿ ಮಾತ್ರೆ ಬಿಡಬಾರದು.

ನನಗೆ ಹೆಚ್ಚು ಸೋಜಿಗವೆನಿಸುವುದು ನಂತರದ ದೃಶ್ಯ. ಸೋರಿದ ಹಿಮೋಗ್ಲೋಬಿನ್‌ನಲ್ಲಿ ಒಂದಿಷ್ಟನ್ನು ಮೂತ್ರಪಿಂಡದ ನಾಳದ ಜೀವಕೋಶಗಳು ನುಂಗಿ, ಕಬ್ಬಿಣವನ್ನು ಹೀಮೋಸಿಡರಿನ್ ಆಗಿ ಕೂಡಿಡುತ್ತವೆ. ಮೂರ್ನಾಲ್ಕು ದಿನ ಕಳೆದು ಮೂತ್ರ ತಿಳಿಯಾದ ಮೇಲೂ ಆ ಕೋಶಗಳು ಕಳಚಿ ಮೂತ್ರಕ್ಕೆ ಬೀಳುತ್ತಿರುತ್ತವೆ. ಗಸಿಗೆ ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಕೋಶದೊಳಗೆ ಕಡುನೀಲಿ ಚುಕ್ಕೆಗಳು ಮೂಡುತ್ತವೆ, ಬಿಳಿ ಅಂಗಿಯ ಮೇಲೆ ಶಾಯಿ ಸಿಡಿದ ಹಾಗೆ.

ಇನ್ನೊಂದು ತೊಡಕಿದೆ. ಕಣಗಳು ಒಡೆದ ಹೊಸತರಲ್ಲಿ ಜಿ6ಪಿಡಿ ಪರೀಕ್ಷಿಸಿದರೆ ಕೊರತೆಯಿಲ್ಲವೆಂದೇ ವರದಿ ಬರಬಹುದು. ಕಿಣ್ವ ಸವೆದ ಹಳೆಯ ಕಣಗಳು ಸತ್ತಿವೆ, ಉಳಿದಿರುವುದು ಕಿಣ್ವ ಹೆಚ್ಚಿರುವ ಎಳೆಯ ಕಣಗಳು. ಆದ್ದರಿಂದ ಸುಮಾರು ಮೂರು ತಿಂಗಳು ಬಿಟ್ಟು, ಮತ್ತೊಮ್ಮೆ ರಕ್ತ ತೆಗೆಯಬೇಕಾಗುತ್ತದೆ.