ಗುಡ್ಡದಲ್ಲಿ ಬಿದ್ದ ಒಬ್ಬರನ್ನು ಇಳಿಸೋಕೆ ಅಷ್ಟೊಂದು ಜನ ಯಾಕೆ?

ಓದುಗರ ಪ್ರಶ್ನೆ: ಹುಬ್ಬಳ್ಳಿಯಿಂದ ನಾವು ಐದಾರು ಗೆಳೆಯರು ಆಗಾಗ ಕಪ್ಪತಗುಡ್ಡಕ್ಕೆ ಹೋಗುತ್ತೇವೆ. ಒಬ್ಬನ ಕಾಲು ಮುರಿದರೆ ಉಳಿದವರೇ ಹೊತ್ತು ತರಬಹುದಲ್ವಾ? ರಕ್ಷಣಾ ತಂಡಗಳ ವಿಡಿಯೊಗಳಲ್ಲಿ ಒಬ್ಬರ ಸುತ್ತ ಹದಿನೈದು-ಇಪ್ಪತ್ತು ಜನ ಯಾಕೆ ಇರುತ್ತಾರೆ?

ಉತ್ತರ: ಸ್ವಲ್ಪ ದೂರ ತರಬಹುದು. ಆಮೇಲೆ ಹೊತ್ತವರಲ್ಲೇ ಒಬ್ಬರು ಬೀಳುತ್ತಾರೆ.

ಸಪಾಟು ನೆಲದಲ್ಲಾದರೆ ನಾಲ್ಕು ಜನ ಸಾಕು. ಗುಡ್ಡದ ಕಾಲುದಾರಿ ಒಬ್ಬರು ನಡೆಯುವಷ್ಟೇ ಅಗಲ. ಸ್ಟ್ರೆಚರ್ ದಾರಿಯ ಮೇಲೆ ಬಂದರೆ ಎರಡೂ ಬದಿ ಹಿಡಿದವರು ಕಂಟಿಯಲ್ಲಿ, ಸಡಿಲ ಕಲ್ಲಿನ ಮೇಲೆ ನಡೆಯಬೇಕು. ಮಳೆಗಾಲ ಮುಗಿದ ಮೇಲಂತೂ ಹುಲ್ಲು ಬೆಳೆದು ಕಲ್ಲುಗಳನ್ನೆಲ್ಲ ಮುಚ್ಚಿರುತ್ತದೆ, ಸ್ಟ್ರೆಚರ್ ಬೇರೆ ಅಡ್ಡ, ಹಾಗಾಗಿ ತಮ್ಮ ಕಾಲು ಎಲ್ಲಿ ಬೀಳುತ್ತಿದೆ ಅಂತ ಅವರಿಗೇ ಕಾಣುವುದಿಲ್ಲ. ಅದಕ್ಕೇ ಮುಂದೆ ಒಬ್ಬರು ದಾರಿ ನೋಡುತ್ತಾ ಕೂಗಿ ಹೇಳುತ್ತಿರುತ್ತಾರೆ. ಆರೇಳು ಜನ ಹಿಡಿದಿರುತ್ತಾರೆ, ಅಷ್ಟೇ ಜನ ಹಿಂದೆ ಪಾಳಿಗೆ ಕಾಯುತ್ತಿರುತ್ತಾರೆ. ಇಳಿಜಾರು ಜಾಸ್ತಿಯಾದರೆ ಮೇಲೆ ನಿಂತವರು ಸ್ಟ್ರೆಚರಿಗೆ ಕಟ್ಟಿದ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಗಾಯಾಳುವಿನ ತಲೆಯ ಹತ್ತಿರ ಒಬ್ಬರು ಮಾತಾಡಿಸುತ್ತಾ, ಉಸಿರು ನೋಡುತ್ತಾ ಬರುತ್ತಾರೆ.

ತೀರಾ ಕೆಟ್ಟ ಜಾಗದಲ್ಲಿ ಯಾರೂ ನಡೆಯುವುದೇ ಇಲ್ಲ. ಎರಡು ಸಾಲಾಗಿ ಎದುರುಬದುರು ಕೂತು ಸ್ಟ್ರೆಚರನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಹಿಂದೆ ಉಳಿದವರು ಎದ್ದು ಮುಂದೆ ಹೋಗಿ ಮತ್ತೆ ಕೂರುತ್ತಾರೆ. ಹೀಗೆ ಒಂದು ಕಿಲೋಮೀಟರಿಗೆ ಗಂಟೆಗಟ್ಟಲೆ ಹಿಡಿಯಬಹುದು.

ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ, ಅತ್ತ ಇಂಗ್ಲೆಂಡಿನ ಬೆಟ್ಟಗಳಲ್ಲಿ ಇದನ್ನೆಲ್ಲ ಮಾಡುವವರು ಸ್ವಯಂಸೇವಕರು. ದಿನಾ ನೌಕರಿ, ಅಂಗಡಿ ನೋಡಿಕೊಳ್ಳುವವರು ಫೋನ್ ಬಂದ ಕೂಡಲೇ ಹಗ್ಗ, ಹೆಡ್‌ಟಾರ್ಚ್ ಹಿಡಿದು ಹೊರಡುತ್ತಾರೆ, ಕೆಲಸಕ್ಕೆ ಒಂದು ರೂಪಾಯಿ ಸಂಬಳ ಇಲ್ಲ. ಅವರ ಮೇಲೆ ನನಗೆ ತುಂಬಾ ಗೌರವ. ನಮ್ಮ ಕಡೆಯೂ ಗುಡ್ಡದ ಸುತ್ತಲಿನ ಹಳ್ಳಿ ಹುಡುಗರಿಗೆ ಈ ತರಬೇತಿ ಕೊಡಬೇಕು, ಗುಡ್ಡ ಅವರಷ್ಟು ಯಾರಿಗೆ ಗೊತ್ತು?

ಹೆಲಿಕಾಪ್ಟರ್ ಬರಲ್ವಾ ಅಂತ ಕೇಳುವವರೂ ಇದ್ದಾರೆ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಹತ್ತಿರ ಬಂಡೆಗಳ ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿತ್ತು, ನಿಜ. ಆದರೆ ಗಾಳಿ ಜೋರಾಗಿದ್ದರೆ ಬಂಡೆಯ ಪಕ್ಕ ಹೆಲಿಕಾಪ್ಟರನ್ನು ನಿಲ್ಲಿಸುವುದು ತುಂಬಾ ಕಷ್ಟ, ಕಪ್ಪತಗುಡ್ಡದ ಗಾಳಿ ಹೇಗಿರುತ್ತೆ ಅಂತ ಅಲ್ಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಹಾಗಾದರೆ ನೀವೇನು ಮಾಡಬೇಕು? ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಹೋಗಿ. ಯಾರಾದರೂ ಬಿದ್ದರೆ, ಅದರಲ್ಲೂ ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು ಅನಿಸಿದರೆ, ಇದ್ದಲ್ಲೇ ಇರಿಸಿ. ಮೇಲಿನಿಂದ ಕಲ್ಲು ಉರುಳುವ ಭಯವಿದ್ದರೆ ಮಾತ್ರ ಸರಿಸಿ. 112ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ಆ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಇಬ್ಬರನ್ನು ಕೆಳಗೆ ಕಳಿಸಿ, ಒಬ್ಬರಾದರೂ ಗಾಯಾಳುವಿನ ಜೊತೆಗಿರಿ.

ಒಂದು ಸೀಟಿ ಇಟ್ಟುಕೊಂಡಿರಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಮೂರು ಸಲ ಊದಿದ ಉತ್ತರ ಕೇಳಿದರೆ ನಿಮ್ಮ ಸದ್ದು ಅವರಿಗೆ ಮುಟ್ಟಿದೆ ಅಂತ ಅರ್ಥ. ಆಗಲೂ ಊದುತ್ತಲೇ ಇರಿ, ಅವರು ಆ ಸದ್ದು ಹಿಡಿದೇ ಹತ್ತಿ ಬರಬೇಕು.